ಮೊದಲು ಏಕತಾರಿ, ಕಟ್ಟಕಡೆಗೆ ಡ್ರಮ್ಸ್: ಒಬ್ಬನೇ ಕೂತು ರಾಕ್ ಹಾಡು ಕಟ್ಟಿದ ಅನುಭವ

‘ಕ್ಲಿಕ್ ಇಲ್ದ ಹಾಡಿದ್ರ ಅದರ ಮ್ಯಾಲೆ ಡ್ರಮ್ಸ್ ಹೆಂಗ ಕೂಡಸ್ತೀಪಾ?’ ಎಂದು ಹುಬ್ಬಳ್ಳಿಯ ಬ್ಯಾಂಡಿನ ಗೆಳೆಯರೆಲ್ಲ ನಕ್ಕಿದ್ದರು. ಕ್ಲಿಕ್ ಎಂದರೆ ಹಾಡುವಾಗ ಕಿವಿಯಲ್ಲಿ ಒಂದೇ ವೇಗಕ್ಕೆ ಬಡಿಯುವ ಟಿಕ್ ಟಿಕ್ ಸದ್ದು. ಅದಿಲ್ಲದೆಯೇ ಮಾಡಿದ ಆರು ಹಾಡಿನಲ್ಲಿ ಐದು ಸರಿಯಾಗಿ ಕೂತಿವೆ. ಕೆಟ್ಟ ಒಂದರ ತಪ್ಪು ತಾಳದ್ದಲ್ಲ, ಪೇಟಿಯ (ಹಾರ್ಮೋನಿಯಂ) ಶ್ರುತಿಗೆ ಹೊಂದದ್ದು.

ತತ್ವಪದದ ಧಾಟಿಯ ಹಾಡನ್ನು ಕ್ಲಿಕ್ಕಿಗೆ ಕಟ್ಟಿಹಾಕಿದರೆ ಪಲ್ಲವಿಯ ಕೊನೆಯ ಎಳೆತ ಸತ್ತೇ ಹೋಗುತ್ತದೆ. ಹಾಗಾಗಿ ಮೊದಲು ಏಕತಾರಿ ಮತ್ತು ದನಿ, ಎರಡೂ ಒಂದೇ ಬೀಸಿಗೆ. ನಾಲ್ಕೈದು ಟೇಕಿನಲ್ಲಿ ಒಂದು ಸಿಗುತ್ತದೆ. ಅಳೆದು ನೋಡಿದರೆ ಶುರುವಿನಲ್ಲಿ ನಿಮಿಷಕ್ಕೆ 84 ಇದ್ದ ಲಯ ಕೊನೆಗೆ 91ರ ಹತ್ತಿರ ಬಂದಿರುತ್ತದೆ. ಬರಲಿ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಕೆಹರವಾ ತಾಳದ ಪ್ರತಿ ಸಮಕ್ಕೆ (ಆವರ್ತದ ಮೊದಲ ಮಾತ್ರೆ), ಅಂದರೆ ಎಂಟು ಮಾತ್ರೆಗೊಂದು, ಟೆಂಪೋ ಗುರುತು ಹಾಕಿ ಡ್ರಮ್ಸನ್ನು ಅದಕ್ಕೆ ಕೂಡಿಸಬೇಕು. ಮೊದಮೊದಲು ಮಾತ್ರೆಮಾತ್ರೆಗೂ ಹಾಕಿದ್ದೆ, ಡ್ರಮ್ಸ್ ಕುಂಟಿತು. ಪಲ್ಲವಿ ಎಳೆಯುವಲ್ಲಿ ಎಂಟು ಮಾತ್ರೆ ಹೆಚ್ಚುಕಡಿಮೆ ಒಂಬತ್ತಾಗುತ್ತದೆ. ಅಲ್ಲಿ ಡ್ರಮ್ಸ್ ಬಾಯಿ ಮುಚ್ಚಿಸಿ ಬರೀ ಕೈತಾಳ ಬಿಟ್ಟಿದ್ದೇನೆ. ಹೊಳ್ಳಿ ಹಲಗಿ (ಕಾಯಿಸಿ ಬಾರಿಸುವ ಚರ್ಮವಾದ್ಯ) ಒಳಗೆ ಬರುವ ಬಗೆ ಮಾತ್ರ ಸದ್ಯಕ್ಕೆ ನನ್ನ ಕಡೆಗೇ ಇರಲಿ.

ಈಗ ಪೇಟಿ. ಹಳೆಯದು, ಎಲ್ಲ ಸ್ವರವೂ ಸುಮಾರು 12 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲೆ. ಒಳಗೆ ಕಂಪಿಸುವ ಲೋಹದ ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅಷ್ಟೂ ರೀಡಿನ ಬುಡ ಕೆರೆಯುವ ಬದಲು ಗಿಟಾರನ್ನೇ ಪೇಟಿಗೆ ಹೊಂದಿಸಿದೆ: ಟ್ಯೂನರಿನಲ್ಲಿ ಶ್ರುತಿಯ ಅಳತೆ 440 ಹರ್ಟ್ಸ್ ತೆಗೆದು 443. ಬೇಸ್ ಮಾತ್ರ ಕೀಬೋರ್ಡಿನದು, ಅದನ್ನು 440ರಲ್ಲೇ ಮರೆತುಬಿಟ್ಟಿದ್ದೆ. ಆರನೇ ಹಾಡು ಕೆಟ್ಟದ್ದು ಹೀಗೆ. ತಿದ್ದಲು ಹೋದಾಗ ಮೂಲ ಫೈಲೂ ಉಳಿದಿರಲಿಲ್ಲ.

ಗಿಟಾರಿನ ತಂತಿ ದಪ್ಪದ್ದರಿಂದ ತೆಳುವಿನ ಕಡೆಗೆ ಸ-ಪ-ಸ-ಮ-ಪ-ಸ, ಕರಿ ಒಂದಕ್ಕೆ (ಪೇಟಿಯ ಮೊದಲ ಕಪ್ಪು ಮನೆಯೇ ಷಡ್ಜ). 9 ಅಥವಾ 10ರ ತೆಳು ತಂತಿಯ ಸೆಟ್ ಹಾಕಿದರೆ ಇಷ್ಟು ಇಳಿಸಿದಾಗ ತಂತಿ ಜೋತುಬಿದ್ದು, ಜೋರಾಗಿ ಹೊಡೆದಾಗ ಸ್ವರ ಮೇಲೆ ಹಾರುತ್ತದೆ. 12ರ ದಪ್ಪ ಸೆಟ್ಟೇ ಬೇಕು, ನಟ್ಟಿನಲ್ಲಿ (ಕತ್ತಿನ ತುದಿಯ ಪಟ್ಟಿ) ತಂತಿ ಕೂರುವ ಸೀಳು ತುಸು ಅಗಲ ಮಾಡಿಸಬೇಕು. ಡಿಸ್ಟಾರ್ಷನ್‌ನಲ್ಲಿ (ಗಿಟಾರಿನ ದನಿ ಒರಟು ಮಾಡುವ ಎಫೆಕ್ಟ್) ಗಾಂಧಾರ ಮುಟ್ಟಬೇಡಿ. ಫ್ರೆಟ್ಟಿನ ಶುದ್ಧ ಗಾಂಧಾರ ಏಕತಾರಿಯ ನಾದಕ್ಕೆ ಕೂಡುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ, ಡಿಸ್ಟಾರ್ಷನ್ ಆ ಜಗಳವನ್ನು ಹತ್ತುಪಟ್ಟು ಮಾಡುತ್ತದೆ. ಗಿಟಾರಿಗೆ ಸ-ಪ ಸಾಕು, ಗಾಂಧಾರ ದನಿಗೆ ಬಿಡಿ. ಮಾಲಕಂಸ ರಾಗದಲ್ಲಿ ಪಂಚಮವೇ ಇಲ್ಲವಾದ್ದರಿಂದ ಸ-ಮ ಹಿಡಿದೆ. ಆಗ ಕಿವಿ ಮಧ್ಯಮವನ್ನೇ ಷಡ್ಜವೆಂದು ನಂಬಿಬಿಡುತ್ತದೆ. ಬೇಸ್ ಷಡ್ಜ ಬಿಟ್ಟು ಕದಲದಂತೆ ಹಿಡಿದ ಮೇಲೆ ಸರಿಹೋಯಿತು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಊರಲ್ಲಿ ಕೂತು ಮಾಲಕಂಸಕ್ಕೆ ಫಝ್ ಡಿಸ್ಟಾರ್ಷನ್ ಹಾಕುವುದಕ್ಕೆ ಸ್ವಲ್ಪ ಧೈರ್ಯವೂ ಬೇಕು ಅನ್ನಿ.

ನಡುವೆ ರೂಪಕ ತಾಳದ ಹುಚ್ಚೂ ಹಿಡಿದಿತ್ತು. ಏಳು ಮಾತ್ರೆ, 3-2-2. ರಾಕ್ ಕೈ ತಾನಾಗಿಯೇ ಒಂದನೇ ಮಾತ್ರೆಗೆ ಕಿಕ್ (ಕಾಲಿನ ದೊಡ್ಡ ಡ್ರಮ್) ಹೊಡೆಯುತ್ತದೆ, ಆದರೆ ರೂಪಕದಲ್ಲಿ ಸಮವೇ ಖಾಲಿ, ಅಂದರೆ ಒತ್ತಿಲ್ಲದ್ದು. ಕಿಕ್ಕನ್ನು ನಾಲ್ಕು ಮತ್ತು ಆರಕ್ಕೆ ಸರಿಸಿ, ಒಂದಕ್ಕೆ ಬರೀ ಹೈಹ್ಯಾಟ್ ಬಿಟ್ಟೆ. ತೂಗಾಟ ಚಲೋ ಬಂತು, ಹಾಡು ಇನ್ನೂ ಮುಗಿದಿಲ್ಲ.

ಮಳೆಗಾಲದಲ್ಲಿ ಹಲಗಿ ರೆಕಾರ್ಡ್ ಮಾಡುವುದು ದಂಡ. ಕಾಯಿಸಿದ ಬಿಗಿ ಹತ್ತು ನಿಮಿಷ ನಿಂತರೆ ಪುಣ್ಯ, ಅಷ್ಟರಲ್ಲಿ ಎರಡು ಟೇಕ್. ಒಂದು ಮೈಕ್ ಎರಡಡಿ ದೂರ, ಇನ್ನೊಂದು ಆರಡಿ. ಹತ್ತಿರ-ಹತ್ತಿರ ಇಟ್ಟಾಗ ದನಿ ತೆಳ್ಳಗಾಗಿತ್ತು. ಗೋಡೆಯ ಪ್ರತಿಧ್ವನಿಗೆ ಫೋಮ್ ತರಬೇಡಿ: ಚೌಕಟ್ಟಿಗೆ ಆರು ಹಳೆ ಕೌದಿ, ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟು ನಿಲ್ಲಿಸಿ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಗಿಟಾರ್ ತೆಗೆಯಬೇಡಿ, ಗುಂಯ್ ಎನ್ನುವುದು ಟ್ರ್ಯಾಕಿನಿಂದ ಹೋಗುವುದಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ದನಿ ತೆಗೆದುಕೊಳ್ಳಿ.

ಖರ್ಚು: ಮೈಕನ್ನು ಲ್ಯಾಪ್‌ಟಾಪಿಗೆ ಕೂಡಿಸುವ ಇಂಟರ್‌ಫೇಸ್ ಒಂಬತ್ತು ಸಾವಿರದ ಆಸುಪಾಸು, ಎರಡು ಮೈಕಿಗೆ ಹದಿನಾಲ್ಕು, ಚೌಕಟ್ಟಿಗೆ ಒಂದೂವರೆ. ಅದಕ್ಕೂ ಮುಂಚೆ ಬಾಡಿಗೆ ಸ್ಟುಡಿಯೋದಲ್ಲಿ ಮೂರು ದಿನಕ್ಕೆ ಸುಮಾರು 24 ಸಾವಿರ ಸುರಿದು ಒಂದು ಹಾಡು ಮಾಡಿದ್ದೆ, ಕ್ಲಿಕ್ ಹಾಕಿ. ಯಾರಿಗೂ ಕೇಳಿಸಿಲ್ಲ.

ಶಿಶುನಾಳ ಷರೀಫರ ಪದ ಹಾಡುವವರಿಗೆ ಒಂದು ಮಾತು. ಅವರು ತೀರಿದ್ದು 1889ರಲ್ಲಿ, ಸಾಹಿತ್ಯ ಎಲ್ಲರದು. ಆದರೆ ಬಾಯಲ್ಲಿ ಕೂತ ಧಾಟಿ ಸಿ. ಅಶ್ವತ್ಥರದ್ದಾಗಿದ್ದರೆ ಅದು ಸಂಯೋಜಕರ ಹಕ್ಕಿನದು. ಅಶ್ವತ್ಥ ತೀರಿದ್ದು 2009ರಲ್ಲಿ, ಕಾನೂನಿನ ಲೆಕ್ಕ ಅಲ್ಲಿಂದ 60 ವರ್ಷ. ನಿಮ್ಮದೇ ಚಾಲು ಹಾಕಿ.

ವೇದಿಕೆಯ ಮೇಲೆ ಈ ವಿಧಾನ ನಡೆಯುವುದಿಲ್ಲ. ನುಡಿಸಿದ ತುಣುಕನ್ನೇ ಮತ್ತೆ ಮತ್ತೆ ತಿರುಗಿಸುವ ಲೂಪರ್ 84 ಎಂದರೆ 84ರಲ್ಲೇ ನಿಲ್ಲುತ್ತದೆ, ಹಾಡು 91ಕ್ಕೆ ಓಡಿರುತ್ತದೆ. ಅಲ್ಲಿ ಲೂಪರ್ ಬಿಟ್ಟು ಹಲಗಿಯವರೊಬ್ಬರನ್ನು ಕರೆಯುತ್ತೇನೆ, ಒಂದು ರಾತ್ರಿಗೆ ಎರಡು ಸಾವಿರ, ಕಾಯಿಸಲು ಹುಲ್ಲು ನಮ್ಮದೇ.