ಹಾಡು ತುಂಬಲು ಆ್ಯಂಟಿವೈರಸ್ ಬಂದ್ ಮಾಡಬೇಕಿಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹಾಡು ತುಂಬಿಸಿಕೊಳ್ಳಲು ಬರುವವರು ಈಗಲೂ ಇದ್ದಾರೆ. ಜೇವರ್ಗಿ, ಆಳಂದ, ಅಫಜಲಪುರ ಕಡೆಯ ಭಜನಾ ಮೇಳದವರು, ಹೊಲಕ್ಕೆ ಹೋಗುವಾಗ ತತ್ವಪದ ಕೇಳುವ ಹಿರಿಯರು ಚಿಕ್ಕ ಎಂಪಿ3 ಪ್ಲೇಯರ್ ಕೈಬಿಟ್ಟಿಲ್ಲ. ಅವರೆಲ್ಲರ ದೂರು ಹೆಚ್ಚುಕಡಿಮೆ ಒಂದೇ. ಮನೆಯ ಕಂಪ್ಯೂಟರಿಗೆ ಪ್ಲೇಯರ್ ಹಚ್ಚಿದರೆ ಎಲ್ಲ ನಿಧಾನವಾಗುತ್ತದೆ, ಕಾಪಿ ಅರ್ಧಕ್ಕೆ ನಿಲ್ಲುತ್ತದೆ, ತೆಗೆಯಲು ಹೋದರೆ ‘ಬಳಕೆಯಲ್ಲಿದೆ’ ಎಂದು ತೋರಿಸುತ್ತದೆ. ಕೊನೆಗೆ ಯಾರೋ ಒಬ್ಬರು ‘ಆ್ಯಂಟಿವೈರಸ್ ಬಂದ್ ಮಾಡಿ ಹಾಕ್ರಿ, ಆಗ್ತದ’ ಎಂದಿರುತ್ತಾರೆ.

ಆ ಮಾತು ಕೇಳಬೇಡಿ. ಪ್ಲೇಯರ್ ಎಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಪೆನ್‌ಡ್ರೈವ್ ಅಷ್ಟೇ. 2006ರಲ್ಲಿ ಕಾರ್ಖಾನೆಯಿಂದ ಹೊಸದಾಗಿ ಬಂದ ಕೆಲವು ವಿಡಿಯೋ ಐಪಾಡ್‌ಗಳಲ್ಲೇ ವಿಂಡೋಸ್ ವೈರಸ್ ಇತ್ತು. ಆ್ಯಪಲ್ ಕಂಪನಿ ತಾನೇ ಅದನ್ನು ಒಪ್ಪಿಕೊಂಡಿತ್ತು. 2008ರ ಕೊನೆಗೆ ಬಂದ ಕಾನ್‌ಫಿಕರ್ ಎಂಬ ವೈರಸ್ ಹರಡಿದ ದಾರಿಗಳಲ್ಲಿ ಯುಎಸ್‌ಬಿಯ ಆಟೋರನ್, ಅಂದರೆ ಹಚ್ಚಿದ ಕೂಡಲೇ ಒಳಗಿನ ಪ್ರೋಗ್ರಾಂ ತಾನೇ ಓಡುವ ವ್ಯವಸ್ಥೆ, ಕೂಡ ಒಂದು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಿಗೂ ಅಪ್‌ಡೇಟ್ ಕೊಟ್ಟು ಯುಎಸ್‌ಬಿ ಆಟೋರನ್ ನಿಲ್ಲಿಸಿತು. ಆದರೂ ಫೋಲ್ಡರ್ ಮುಚ್ಚಿಟ್ಟು ನಕಲಿ ತೋರಿಸುವ ಶಾರ್ಟ್‌ಕಟ್ ವೈರಸ್ ಹೋಗಲಿಲ್ಲ. ಒಂದು ಅಂಗಡಿಯಲ್ಲಿ ಹಾಡು ತುಂಬಿಸಿ, ಇನ್ನೊಂದರಲ್ಲಿ ಪ್ರಿಂಟ್ ತೆಗೆಸಿ, ಮಗನ ಲ್ಯಾಪ್‌ಟಾಪಿಗೂ ಹಚ್ಚುವ ನಮ್ಮ ಊರುಗಳಲ್ಲಿ ಕಾವಲು ತೆಗೆದುಹಾಕುವುದು ಸರಿಯಲ್ಲ.

ನಿಧಾನವಾಗಲು ಕಾರಣ ಸರಳ. ಪ್ಲೇಯರ್ ಹಚ್ಚಿದ ಕೂಡಲೇ ಕೆಲವು ಆ್ಯಂಟಿವೈರಸ್‌ಗಳು ಅದನ್ನು ಪೂರ್ತಿ ಸ್ಕ್ಯಾನ್ ಮಾಡಲು ಶುರು ಮಾಡುತ್ತವೆ. ನಾವು ಅದೇ ಹೊತ್ತಿಗೆ ಹಾಡು ಕಾಪಿ ಹಚ್ಚುತ್ತೇವೆ. ಹೊಸದಾಗಿ ಬಂದು ಬೀಳುವ ಒಂದೊಂದು ಫೈಲನ್ನೂ ಅದು ಮತ್ತೆ ತೆರೆದು ನೋಡುತ್ತದೆ. ಒಂದೇ ಬಾಗಿಲಲ್ಲಿ ಒಳಗೆ ಹೋಗುವವರೂ ಹೊರಗೆ ಬರುವವರೂ ಸಿಕ್ಕಿಕೊಂಡ ಹಾಗೆ. ಅಗ್ಗದ ಪ್ಲೇಯರ್‌ನ ಮೆಮೊರಿಗೆ ಇಷ್ಟು ಹೊರೆ ತಾಳುವ ವೇಗ ಇರುವುದಿಲ್ಲ. ನಾನು ಮೊದಲು ಸ್ಕ್ಯಾನ್ ಮುಗಿಯುವ ತನಕ ಕಾಯುತ್ತೇನೆ, ಆಮೇಲೆ ಕಾಪಿ ಹಚ್ಚುತ್ತೇನೆ. ಅರ್ಧಕ್ಕೆ ನಿಲ್ಲುವ ತೊಂದರೆ ಬಹುತೇಕ ಇಷ್ಟಕ್ಕೇ ಹೋಗುತ್ತದೆ. ಎರಡು ಆ್ಯಂಟಿವೈರಸ್ ಹಾಕಿಕೊಂಡವರಿದ್ದರೆ ಒಂದನ್ನು ತೆಗೆಸುತ್ತೇನೆ. ಒಂದೇ ಫೈಲಿಗೆ ಎರಡೂ ಕೈ ಹಾಕಿದರೆ ಮಷಿನ್ ಕುಂತಲ್ಲೇ ಕೂರುತ್ತದೆ.

ಮನೆಯಲ್ಲಿ ಒಬ್ಬರೇ ಬಳಸುವ ಪ್ಲೇಯರ್ ಆದರೆ ಇನ್ನೊಂದು ದಾರಿ ಉಂಟು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದಕ್ಕೆ ‘ಎಂ’ ತರಹದ ದೂರದ ಡ್ರೈವ್ ಅಕ್ಷರ ಖಾಯಂ ಕೊಟ್ಟು, ಅದರೊಳಗಿನ ಹಾಡಿನ ಫೋಲ್ಡರನ್ನು ಮಾತ್ರ ಆ್ಯಂಟಿವೈರಸ್‌ನ ಎಕ್ಸ್‌ಕ್ಲೂಷನ್ ಪಟ್ಟಿಗೆ, ಅಂದರೆ ತಪಾಸಣೆ ಬೇಡವೆಂದು ಬಿಡುವ ಪಟ್ಟಿಗೆ, ಸೇರಿಸಿ. ಇಡೀ ಡ್ರೈವ್ ಸೇರಿಸಬೇಡಿ. ನಾಳೆ ಬೇರೆಯವರ ಪೆನ್‌ಡ್ರೈವ್ ಅದೇ ಅಕ್ಷರಕ್ಕೆ ಬಂದರೆ ಅದಕ್ಕೂ ತಪಾಸಣೆ ತಪ್ಪುತ್ತದೆ. ಗಿರಾಕಿಗಳ ಸಾಮಾನಿಗೆ ಅಂಗಡಿಯಲ್ಲಿ ನಾನು ಈ ವಿನಾಯಿತಿ ಕೊಡುವುದೇ ಇಲ್ಲ.

ನನಗೆ ಮನಸ್ಸಿಗೆ ಹತ್ತಿದ್ದು ಮಾತ್ರ ಬೇರೆ ಕೆಲಸ. ಜೇವರ್ಗಿ ಕಡೆಯ ಒಬ್ಬ ಹಿರಿಯರು ತಮ್ಮ ಮೇಳದವರು ಹಾಡಿದ ಪದಗಳನ್ನು ಪ್ಲೇಯರ್‌ನಲ್ಲೇ ರೆಕಾರ್ಡ್ ಮಾಡಿಟ್ಟಿದ್ದರು. ಬೇರೆಲ್ಲೂ ಕಾಪಿ ಇರಲಿಲ್ಲ. ಹಾಡಿದವರಲ್ಲಿ ಕೆಲವರು ತೀರಿಕೊಂಡಿದ್ದರು. ಆ್ಯಂಟಿವೈರಸ್ ‘ಬೆದರಿಕೆ ತೆಗೆದೆ’ ಎಂದಿದ್ದೇ ತಡ, ಫೋಲ್ಡರ್‌ಗಳೆಲ್ಲ ಮಾಯ.

‘ತಮ್ಮಾ, ಈ ಮಷಿನ್ ನಮ್ಮ ಪದಾ ಎಲ್ಲಾ ತಿಂದ್ ಹಾಕ್ತಲ್ಲೋ’ ಎಂದರು.

‘ಇಲ್ರಿ ಕಾಕಾ, ಪದಾ ಎಲ್ಲೂ ಹೋಗಿಲ್ರಿ, ಒಳಗೇ ಅದಾವ’ ಎಂದೆ.

ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಡ್ರೈವ್‌ನ ಪ್ರಾಪರ್ಟೀಸ್ ತೆಗೆದಾಗ ಜಾಗ ತುಂಬಿಯೇ ಇತ್ತು. ಶಾರ್ಟ್‌ಕಟ್ ವೈರಸ್ ಮಾಡುವುದು ಇದನ್ನೇ: ನಿಜವಾದ ಫೋಲ್ಡರನ್ನು ಮುಚ್ಚಿಟ್ಟು, ಅದೇ ಹೆಸರಿನ ನಕಲಿ ಶಾರ್ಟ್‌ಕಟ್ ಹೊರಗಿಡುತ್ತದೆ. ಆ್ಯಂಟಿವೈರಸ್ ನಕಲಿಯನ್ನು ಅಳಿಸುತ್ತದೆ, ಮುಚ್ಚಿದ್ದನ್ನು ತೆರೆಯದೆ ಬಿಡುವುದುಂಟು. ಆಗ ನೋಡುವವರಿಗೆ ಎಲ್ಲ ಖಾಲಿ. ಹಾಗಾಗಿ ಇಂಥ ಹೊತ್ತಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಹೊಸದೇನನ್ನೂ ತುಂಬಬೇಡಿ.

ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ಕಿಟಕಿ ತೆಗೆದು, ಫೈಲಿನ ಗುರುತು ಬದಲಿಸುವ ‘ಆಟ್ರಿಬ್’ ಕಮಾಂಡ್ ಕೊಟ್ಟೆ. ಮೈನಸ್ ಎಚ್, ಮೈನಸ್ ಎಸ್ ಎರಡನ್ನೂ ಒಟ್ಟಿಗೇ ಕೊಡಬೇಕು. ಎಚ್ ಎಂದರೆ ಅಡಗಿಸಿದ ಗುರುತು, ಎಸ್ ಎಂದರೆ ಸಿಸ್ಟಮ್ ಗುರುತು. ಎರಡೂ ಇದ್ದಾಗ ಒಂದನ್ನೇ ತೆಗೆಯಲು ಹೋದರೆ ಕಮಾಂಡ್ ಒಪ್ಪುವುದಿಲ್ಲ. ಆಮೇಲೆ ಡ್ರೈವ್‌ನ ಅಕ್ಷರ, ಎಲ್ಲ ಫೈಲ್ ಎಂಬರ್ಥದ ನಕ್ಷತ್ರ ಚಿಹ್ನೆ, ಒಳಗಿನ ಫೋಲ್ಡರ್‌ಗಳಿಗಾಗಿ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಎಂಟರ್ ಒತ್ತಿದ ಮೇಲೆ ಫೋಲ್ಡರ್‌ಗಳು ಒಂದೊಂದಾಗಿ ಕಾಣಿಸಿಕೊಂಡವು. ಮೊದಲು ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಇಳಿಸಿದೆ, ಸ್ಕ್ಯಾನ್ ಮಾಡಿದೆ, ಒಂದು ಪೆನ್‌ಡ್ರೈವ್‌ಗೂ ಹಾಕಿಕೊಟ್ಟೆ. ಒಂದು ಪದ ಹಚ್ಚಿ ಕೇಳಿಸಿದಾಗ ಕಾಕಾ, ‘ಇದು ನಮ್ಮ ಅಣ್ಣನ ದನಿ’ ಎಂದರು.

ಕೆಲವು ಪ್ಲೇಯರ್‌ಗಳಲ್ಲಿ, ಉದಾಹರಣೆಗೆ ಹಳೆಯ ಸ್ಯಾನ್‌ಡಿಸ್ಕ್ ಸ್ಯಾನ್ಸಾಗಳಲ್ಲಿ, ಎಂಟಿಪಿ ಮತ್ತು ಎಂಎಸ್‌ಸಿ ಎಂದು ಎರಡು ಯುಎಸ್‌ಬಿ ವಿಧಾನ ಇವೆ. ಎಂಎಸ್‌ಸಿಯಲ್ಲಿ ಅದು ಅಕ್ಷರವಿರುವ ಡ್ರೈವ್ ಆಗುತ್ತದೆ, ಶಾರ್ಟ್‌ಕಟ್ ವೈರಸ್ಸಿಗೂ ಅದೇ ಬೇಕು. ಎಂಟಿಪಿಯಲ್ಲಿ ಅಕ್ಷರ ಇರುವುದಿಲ್ಲ, ಆ್ಯಂಟಿವೈರಸ್ ಜೊತೆಗಿನ ತಿಕ್ಕಾಟವೂ ಕಡಿಮೆ. ಆದರೆ ಒಂದರಲ್ಲಿ ತುಂಬಿದ ಹಾಡು ಇನ್ನೊಂದರಲ್ಲಿ ಕಾಣಿಸದೆ ಇರಬಹುದು, ಗಾಬರಿ ಬೇಡ.

ತೆಗೆಯುವಾಗ ‘ಬಳಕೆಯಲ್ಲಿದೆ’ ಎಂದು ಬಂದರೆ ವೈರ್ ಎಳೆಯಬೇಡಿ. ಫೈಲ್‌ಗಳ ಲೆಕ್ಕ ಇಡುವ ಟೇಬಲ್ ಕೆಟ್ಟರೆ ಇದ್ದ ಹಾಡೂ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ನಡೆದದ್ದನ್ನು ದಾಖಲಿಸಿ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ 225 ಸಂಖ್ಯೆಯ ದಾಖಲೆ ನೋಡಿ. ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಎಂದು ಅಲ್ಲಿ ಬರೆದಿರುತ್ತದೆ. ಆ್ಯಂಟಿವೈರಸ್ಸೇ ಆಗಿದ್ದರೆ ಸ್ಕ್ಯಾನ್ ಮುಗಿಯಲಿ. ಆಗಲೂ ಬಿಡದಿದ್ದರೆ ಕಂಪ್ಯೂಟರನ್ನೇ ಶಟ್‌ಡೌನ್ ಮಾಡಿ, ಪೂರ್ತಿ ಆರಿದ ಮೇಲೆ ತೆಗೆಯಿರಿ.