ಅಣುಸ್ಥಾವರದ ಜಾಗಕ್ಕೆ ವಿಕಿರಣದ ಲೆಕ್ಕ: ನನ್ನ ಅನುಭವ

ಜಾಗ ಸೂಕ್ತವೇ ಎಂದಾಗ ಎಲ್ಲರೂ ಮೊದಲು ಕೇಳುವುದು ಭೂಕಂಪದ ಬಗ್ಗೆ. ನನ್ನ ಪಾಲಿನ ವಿಕಿರಣದ ಲೆಕ್ಕ ಶುರುವಾಗುವುದು, ಸೋರಿದ ವಿಕಿರಣ ವಸ್ತುವನ್ನು ಹೊತ್ತೊಯ್ಯುವ ಗಾಳಿಯಿಂದ. ಗೋಪುರ ನಿಲ್ಲಿಸಿ, 10 ಮತ್ತು 60 ಮೀಟರ್ ಎತ್ತರದಲ್ಲಿ ಗಾಳಿಯ ವೇಗ, ದಿಕ್ಕು, ಉಷ್ಣಾಂಶಗಳನ್ನು ಗಂಟೆಗಂಟೆಗೂ ದಾಖಲಿಸುತ್ತೇವೆ. ಕನಿಷ್ಠ ಒಂದು ಪೂರ್ತಿ ವರ್ಷವಾದರೂ ಬೇಕು. ಎರಡು ಎತ್ತರಗಳ ಉಷ್ಣಾಂಶದ ವ್ಯತ್ಯಾಸ ನೋಡಿ ಆ ಗಂಟೆಯನ್ನು ಎ ಯಿಂದ ಎಫ್ ವರೆಗಿನ ಸ್ಥಿರತೆಯ ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತೇವೆ. ಎ ಅಂದರೆ ಗಾಳಿ ಚೆನ್ನಾಗಿ ಕಲಕುವ ಹೊತ್ತು, ಡಿ ನಡುವಿನದು, ಎಫ್ ಅಂದರೆ ಕಲಕದೆ ನಿಂತ ಹೊತ್ತು.

ಲೆಕ್ಕ ಹಳಿ ತಪ್ಪುವುದು ಗಾಳಿಯೇ ಆಡದ ರಾತ್ರಿಗಳಲ್ಲಿ. ಸೆಕೆಂಡಿಗೆ ಸುಮಾರು ಅರ್ಧ ಮೀಟರ್‌ಗಿಂತ ಕಡಿಮೆ ಗಾಳಿಗೆ ಗಾಳಿಯ ವೇಗ ಅಳೆಯುವ ಅನಿಮೋಮೀಟರಿನ ಬಟ್ಟಲು ತಿರುಗುವುದೇ ಇಲ್ಲ. ಬೇರಿಂಗಿಗೆ ಧೂಳು ಹೊಕ್ಕರೆ ಇನ್ನೂ ಮೊಂಡು. ದಾಖಲೆಯಲ್ಲಿ ಸೊನ್ನೆ ಬೀಳುತ್ತದೆ. ಸಾಂದ್ರತೆ ಲೆಕ್ಕಹಾಕುವ ಸೂತ್ರದಲ್ಲಿ ವೇಗ ಛೇದದಲ್ಲಿರುವುದರಿಂದ ಸೊನ್ನೆ ನಡೆಯುವುದಿಲ್ಲ, ಅದಕ್ಕೇ ಕೆಲವರು ಆ ಗಂಟೆಗಳನ್ನು ಕಿತ್ತುಹಾಕಿಬಿಡುತ್ತಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. ನೆಲಮಟ್ಟದಲ್ಲಿ ಸೋರಿಕೆ ಎಂದಿಟ್ಟುಕೊಳ್ಳಿ. ಡಿ ವರ್ಗ, ಸೆಕೆಂಡಿಗೆ 5 ಮೀಟರ್ ವೇಗವಿದ್ದರೆ 1 ಕಿ.ಮೀ. ದೂರದಲ್ಲಿ ಸೋರಿದ ವಿಕಿರಣದ ಮೋಡ ಅಡ್ಡಕ್ಕೆ 68, ಎತ್ತರಕ್ಕೆ 32 ಮೀಟರಿನಷ್ಟು ಹರಡುತ್ತದೆ. ಎಫ್ ವರ್ಗ, 1 ಮೀಟರ್ ವೇಗಕ್ಕೆ ಬರೀ 34 ಮತ್ತು 14. ಗುಣಿಸಿ ಭಾಗಿಸಿದರೆ ಎರಡನೆಯದರಲ್ಲಿ ಸಾಂದ್ರತೆ 20 ಪಟ್ಟಿಗೂ ಮೇಲು. ಕಿತ್ತುಹಾಕಿದ್ದು ಇಂಥ ಗಂಟೆಗಳನ್ನೇ! ನಾನು ಅವುಗಳಿಗೆ ಬಟ್ಟಲು ತಿರುಗಲು ಬೇಕಾದ ಕನಿಷ್ಠ ವೇಗವನ್ನೇ ಕೊಟ್ಟು, ನಿಧಾನ ಗಾಳಿ ಯಾವ ದಿಕ್ಕಿನಲ್ಲಿ ಎಷ್ಟು ಸಲ ಬೀಸಿದೆಯೋ ಅದೇ ಪ್ರಮಾಣದಲ್ಲಿ ದಿಕ್ಕುಗಳಿಗೆ ಹಂಚುತ್ತೇನೆ.

ಮುಂದಿನದು ಈಗಿರುವ ವಿಕಿರಣ. ಜಗತ್ತಿನ ಸರಾಸರಿ ನೈಸರ್ಗಿಕ ಡೋಸ್ ವರ್ಷಕ್ಕೆ 2.4 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ಸಾರ್ವಜನಿಕರಿಗೆ ಅದರ ಮೇಲೆ 1 ಎಂಬುದು ಮಿತಿ. ಸ್ಥಾವರ ಬಂದ ಮೇಲೆ ಅಳೆದರೆ ಯಾವುದು ಯಾರದ್ದೆಂದು ಬೇರ್ಪಡಿಸುವುದು ಕಷ್ಟ. ಮೇಲಿನ 5 ಸೆಂ.ಮೀ. ಮಣ್ಣು ತೆಗೆದು, ಒಣಗಿಸಿ, ಜರಡಿ ಹಿಡಿದು ಗಾಳಿಯಾಡದ ಡಬ್ಬಿಯಲ್ಲಿ ಸುಮಾರು 4 ವಾರ ಮುಚ್ಚಿಡಬೇಕು. ಆತುರಪಟ್ಟು ಮೊದಲೇ ಎಣಿಸಿದರೆ ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ತುಂಬಿಕೊಂಡಿರುವುದಿಲ್ಲ, ಅದರ ಮೂಲಕ ಅಳೆಯುವ ರೇಡಿಯಂ ಕಡಿಮೆ ತೋರುತ್ತದೆ. ಸೀಸಿಯಂ-137ಕ್ಕೆ ಜರ್ಮೇನಿಯಂ ಡಿಟೆಕ್ಟರೇ ಬೇಕು. ಸೋಡಿಯಂ ಅಯೊಡೈಡ್ ಡಿಟೆಕ್ಟರಿನಲ್ಲಿ, ಮಣ್ಣಿನಲ್ಲಿ ಸಹಜವಾಗಿಯೇ ಇರುವ ಬಿಸ್ಮತ್-214ರ 609 ಕೆಇವಿ (ಗಾಮಾ ಕಿರಣದ ಶಕ್ತಿಯ ಅಳತೆ) ಗೆರೆ ಸೀಸಿಯಂನ 662ಕ್ಕೆ ಅಂಟಿಕೊಂಡುಬಿಡುತ್ತದೆ. ಹಳೆಯ ಅಣುಬಾಂಬ್ ಪರೀಕ್ಷೆಗಳ ಸೀಸಿಯಂ ಮಣ್ಣಿನಲ್ಲಿ ಈಗಲೂ ಇದೆ, ಸಿಕ್ಕಿದರೆ ಗಾಬರಿ ಬೇಡ.

ಜನಗಣತಿಗಿಂತ ಊಟದ ಗಣತಿ ನನಗೆ ಮುಖ್ಯ. ಅಯೋಡಿನ್-131 ಹುಲ್ಲಿನಿಂದ ಹಸುವಿಗೆ, ಹಾಲಿಗೆ ಬರುತ್ತದೆ. ಅದೇ ಒಂದು ಬೆಕರೆಲ್ (ವಿಕಿರಣ ವಸ್ತುವಿನ ಪ್ರಮಾಣದ ಅಳತೆ) ಕುಡಿದರೆ ದೊಡ್ಡವರಿಗಿಂತ ಒಂದು ವರ್ಷದ ಮಗುವಿಗೆ ಸುಮಾರು 8 ಪಟ್ಟು ಡೋಸ್. ಸನಿಹದ ಮನೆಗಿಂತ ದೂರದ ಹುಲ್ಲುಗಾವಲು ಲೆಕ್ಕವನ್ನು ಆಳುವುದುಂಟು. ನೆಲದ ನೀರಿನಲ್ಲಿ ಸೀಸಿಯಂ ಜೇಡಿಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ನೀರಿನ ವೇಗದಲ್ಲೇ ಹೋಗುತ್ತದೆ, ಹಾಗಾಗಿ ಬಾವಿಗಳನ್ನು ಟ್ರಿಟಿಯಂ ಹಿಡಿದೇ ನೋಡಬೇಕು.

ಕೊನೆಗೆ ನಕ್ಷೆ. ಸ್ಥಾವರದ ಸುತ್ತಲಿನ ಜಾಗವನ್ನು 22.5 ಡಿಗ್ರಿಯ 16 ಹೋಳು ಮಾಡಿ, ಪ್ರತಿ ಹೋಳಿಗೂ ಮಳೆಯ ಗಂಟೆಗಳನ್ನು ಬೇರೆಯಾಗಿ ಓಡಿಸುತ್ತೇನೆ. ಬರೀ ವೃತ್ತ ಎಳೆದರೆ ಸಾಲದು. 2011ರ ಮಾರ್ಚ್ 15ರಂದು ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತದಲ್ಲಿ ಸೋರಿದ ಮೋಡ ವಾಯವ್ಯಕ್ಕೆ ತಿರುಗಿ, ಮಳೆ-ಹಿಮದ ಜೊತೆ ಇಳಿದದ್ದು ಇಟಾಟೆ ಹಳ್ಳಿಯ ಮೇಲೆ. ಆ ಹಳ್ಳಿಯ ಹೆಚ್ಚಿನ ಭಾಗ ಸ್ಥಾವರದ ಸುತ್ತ ಎಳೆದಿದ್ದ 30 ಕಿ.ಮೀ. ವೃತ್ತದ ಆಚೆಗಿತ್ತು.