ಡಿಸ್ಟ್ರಿಕ್ಟ್ ಕಾನ್ಫರೆನ್ಸ್‌ನಲ್ಲೇ ಗ್ಲೋಬಲ್ ಗ್ರ್ಯಾಂಟ್ ಪಾಲುದಾರರು ಸಿಕ್ಕರು: ನನ್ನ ಅನುಭವ

"ಕಾನ್ಫರೆನ್ಸ್‌ಗೆ ಹೋದ್ರೆ ಫೋಟೊ ಸಿಗುತ್ತೆ, ದುಡ್ಡು ಸಿಗಲ್ಲ." ನಮ್ಮ ರೋಟರಿ ಕ್ಲಬ್‌ನಲ್ಲಿ ಈ ಮಾತು ವರ್ಷಗಳಿಂದ ಓಡಾಡುತ್ತಿತ್ತು. ರಿಜಿಸ್ಟ್ರೇಷನ್ ಫೀಸಿನ ವಿಷಯ ಬಂದರೆ ಸಾಕು, ಖಜಾಂಚಿ ಮುಖ ಗಂಟು ಹಾಕುತ್ತಿದ್ದರು. ಈಗ ನಮ್ಮ ಶಾಲಾ ನೀರಿನ ಪ್ರಾಜೆಕ್ಟ್‌ಗೆ ಗ್ಲೋಬಲ್ ಗ್ರ್ಯಾಂಟ್, ಅಂದರೆ ರೋಟರಿಯ ದತ್ತಿ ಸಂಸ್ಥೆಯಾದ ರೋಟರಿ ಫೌಂಡೇಶನ್ ದೊಡ್ಡ ಸೇವಾ ಕೆಲಸಗಳಿಗೆ ಕೊಡುವ ಅನುದಾನ, ಮಂಜೂರಾಗಿದೆ. ಪಾಲುದಾರರು ಸಿಕ್ಕಿದ್ದು ಅದೇ ಡಿಸ್ಟ್ರಿಕ್ಟ್ ಕಾನ್ಫರೆನ್ಸ್‌ನಲ್ಲಿ, ಅಂದರೆ ನಮ್ಮ ಭಾಗದ ರೋಟರಿ ಕ್ಲಬ್‌ಗಳ ವಾರ್ಷಿಕ ಸಮ್ಮೇಳನದಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹಾಳಾದ ಕಥೆ. ಹಿಂದೊಮ್ಮೆ ಕಾನ್ಫರೆನ್ಸ್‌ನ ಸ್ಟಾಲ್‌ಗಳ ಜಾಗವಾದ ಹೌಸ್ ಆಫ್ ಫ್ರೆಂಡ್‌ಶಿಪ್‌ನಲ್ಲಿ ಸ್ಟಾಲ್ ಹಾಕಿದ್ದೆವು. ದೊಡ್ಡ ಬ್ಯಾನರ್, ಬಣ್ಣದ ಬ್ರೋಷರ್, ಎಲ್ಲ ಇತ್ತು. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಿಂಟಿಂಗ್‌ಗೇ ಹೋಯಿತು. ಸಂಜೆ ಹಾಲ್ ಖಾಲಿಯಾದಾಗ ಬ್ರೋಷರ್‌ಗಳು ಕುರ್ಚಿಗಳ ಮೇಲೇ ಉಳಿದಿದ್ದವು. ಇನ್ನೊಂದು ವರ್ಷ ವೇದಿಕೆಯಲ್ಲಿ ಮಾತನಾಡಲು ಅವಕಾಶ ಸಿಕ್ಕಿತು. ಚಪ್ಪಾಳೆ ಜೋರಾಗಿಯೇ ಬಿತ್ತು, ಆದರೆ ಆಮೇಲೆ ಒಂದು ಫೋನ್ ಕೂಡ ಬರಲಿಲ್ಲ. ವಿಸಿಟಿಂಗ್ ಕಾರ್ಡ್ ಕೂಡಿಸಿ ಎಲ್ಲರಿಗೂ ಮೇಲ್ ಕಳಿಸಿದ್ದೂ ಆಯಿತು. ನಾಲ್ಕೈದು ಜನ ಶುಭಾಶಯ ಬರೆದು ಸುಮ್ಮನಾದರು.

ಈ ಸಲ ಲೆಕ್ಕದಿಂದ ಶುರು ಮಾಡಿದೆ. ಗ್ಲೋಬಲ್ ಗ್ರ್ಯಾಂಟ್‌ಗೆ ಕನಿಷ್ಠ 30,000 ಡಾಲರ್ ಬಜೆಟ್ ಬೇಕು, ಬೇರೆ ದೇಶದ ಪಾಲುದಾರರೂ ಬೇಕು. ರೋಟರಿಯವರಿಗೆ ಇದು ಗೊತ್ತಿರುವುದೇ. ಆದರೆ ಫೌಂಡೇಶನ್‌ನ ವರ್ಲ್ಡ್ ಫಂಡ್ ಹೊಂದಿಕೆ ಹಣ ಕೊಡುವುದು ಡಿಡಿಎಫ್‌ಗೆ (ಫೌಂಡೇಶನ್‌ನಲ್ಲಿ ಡಿಸ್ಟ್ರಿಕ್ಟ್ ಪಾಲಿಗೆ ಇರುವ ನಿಧಿಗೆ) ಮಾತ್ರ, ಅದೂ ನೂರಕ್ಕೆ 80. ಕ್ಲಬ್‌ನವರು ಹಾಕುವ ನಗದಿಗೆ ಏನೂ ಸೇರುವುದಿಲ್ಲ. ಆ ನಗದನ್ನು ಫೌಂಡೇಶನ್ ಮೂಲಕ ಕಳಿಸಿದರೆ ಮೇಲೆ ನೂರಕ್ಕೆ 5 ಬೇರೆ ಕೊಡಬೇಕು. ಹಾಗಾಗಿ 15,000 ಡಾಲರ್ ಡಿಡಿಎಫ್ ಸಿಕ್ಕರೆ 12,000 ತಾನಾಗಿ ಬರುತ್ತದೆ, ಉಳಿದ ಮೂರು ನಾಲ್ಕು ಸಾವಿರವನ್ನು ಕ್ಲಬ್‌ಗಳೇ ಹೊಂದಿಸಬಹುದು. ನಮ್ಮ ಬಜೆಟ್ ಹೆಚ್ಚುಕಡಿಮೆ ಹೀಗೇ ಕೂತಿತು.

ಹಾಗಂದ ಮೇಲೆ ಕೀಲಿ ಇರುವುದು ಕ್ಲಬ್ ಅಧ್ಯಕ್ಷರ ಹತ್ತಿರ ಅಲ್ಲ, ಅಲ್ವಾ? ಡಿಡಿಎಫ್ ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾದ ಗವರ್ನರ್ ಮತ್ತು ಡಿಸ್ಟ್ರಿಕ್ಟ್ ಫೌಂಡೇಶನ್ ಚೇರ್ (ಫೌಂಡೇಶನ್ ಸಮಿತಿಯ ಅಧ್ಯಕ್ಷರು) ಮಾತಿಗೆ ತೂಕ. ಕಾನ್ಫರೆನ್ಸ್‌ನಲ್ಲಿ ಎಲ್ಲರೂ ಗವರ್ನರ್ ಸುತ್ತ ಫೋಟೊಗೆ ಮುಗಿಬೀಳುತ್ತಾರೆ. ಫೌಂಡೇಶನ್ ಚೇರ್ ಮಾತ್ರ ಚಹಾ ಹಿಡಿದು ಒಬ್ಬರೇ ನಿಂತಿರುತ್ತಾರೆ. ನಾನು ಮೊದಲು ಹೋಗಿದ್ದು ಅವರ ಹತ್ತಿರ. ಕಮ್ಯುನಿಟಿ ಅಸೆಸ್‌ಮೆಂಟ್ (ಊರಿನವರಿಗೆ ಏನು ಬೇಕು ಅನ್ನುವ ಸಮೀಕ್ಷೆ) ಮುಗಿದಿತ್ತು, ಕ್ಲಬ್ ಗ್ರ್ಯಾಂಟ್‌ಗೆ ಕ್ವಾಲಿಫೈ ಆಗಿತ್ತು, ಗ್ರ್ಯಾಂಟ್ ನಿಯಮಗಳ ಒಪ್ಪಂದವಾದ ಎಂಒಯುಗೆ ಸಹಿ ಬಿದ್ದಿತ್ತು. ಇದನ್ನೆಲ್ಲ ನೋಡಿ ಅವರು ಕೂತು ಮಾತನಾಡಿದರು. ಕೈಯಲ್ಲಿ ಕಾಗದ ಇಲ್ಲದೆ ಹೋದವರಿಗೆ "ಆಮೇಲೆ ನೋಡೋಣ" ಅನ್ನುವ ಉತ್ತರವೇ ಗತಿ.

ಬ್ಯಾನರ್ ಬದಲು ಎರಡು ಗಾಜಿನ ಬಾಟಲಿ ತೆಗೆದುಕೊಂಡು ಹೋಗಿದ್ದೆ. ಒಂದರಲ್ಲಿ ನಮ್ಮ ಪ್ರಾಜೆಕ್ಟಿನ ಒಂದು ಶಾಲೆಯ ಟ್ಯಾಂಕಿನ ನೀರು, ಇನ್ನೊಂದರಲ್ಲಿ ಪ್ರಾಯೋಗಿಕವಾಗಿ ಹಾಕಿದ್ದ ಫಿಲ್ಟರಿನ ನೀರು. ಮೊದಲನೆಯದರ ತಳದಲ್ಲಿ ಬೆರಳಗಲ ಕಂದು ಕೆಸರು ಕೂತಿತ್ತು. ಮೇಜಿನ ಮೇಲೆ ಇಟ್ಟು ಸುಮ್ನೆ ನಿಂತೆ. ಹೋಗುವವರು ತಾವಾಗಿ ಬಾಟಲಿ ಎತ್ತುತ್ತಿದ್ದರು, ಅಲುಗಾಡಿಸುತ್ತಿದ್ದರು, ಕೆಸರು ಮೇಲೇಳುವುದನ್ನು ನೋಡುತ್ತಿದ್ದರು. ಆಮೇಲೆ "ಇದನ್ನ ಮಕ್ಕಳು ಕುಡೀತಾರಾ?" ಅನ್ನುತ್ತಿದ್ದರು. ಮಾತು ಅಲ್ಲಿಂದ ಶುರು. ಬಾಟಲಿಯ ಮುಚ್ಚಳಕ್ಕೆ ನಾನೊಂದು ಚಿಕ್ಕ ಕೆಲಸ ಮಾಡಿದ್ದೆ, ಅದರಿಂದ ಜನ ಇನ್ನೊಂದೆರಡು ನಿಮಿಷ ನಿಲ್ಲುತ್ತಿದ್ದರು. ಅದು ಏನು ಅಂತ ಇಲ್ಲಿ ಹೇಳುವುದಿಲ್ಲ, ಮುಂದಿನ ವರ್ಷಕ್ಕೂ ಬೇಕು.

ಮಧ್ಯೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಒಂದು ಗಂಟೆ ನಾನು ಪಕ್ಕಕ್ಕೆ ಸರಿದು ಮೇಜನ್ನು ರೋಟರಿಯ ಯುವ ಬಳಗವಾದ ರೋಟರ‍್ಯಾಕ್ಟ್ ಹುಡುಗಿಯರಿಗೆ ಬಿಟ್ಟೆ. ನನಗಿಂತ ಜಾಸ್ತಿ ಜನ ಅವರ ಹತ್ತಿರ ನಿಂತರು. ಹಿರಿಯರು ನಮ್ಮ ವಯಸ್ಸಿನವರ ಜೊತೆ ಹಳೇ ಕಥೆಗೆ ಇಳಿಯುತ್ತಾರೆ, ಹುಡುಗರ ಹತ್ತಿರ ಪ್ರಶ್ನೆ ಕೇಳುತ್ತಾರೆ. ಇನ್ನೊಂದು, ಪ್ರತಿ ಊಟಕ್ಕೂ ಬೇರೆ ಬೇರೆ ಮೇಜಿನಲ್ಲಿ ಕೂತೆ. ಅದರಿಂದ ಒಂದು ಪಕ್ಕದ ಕ್ಲಬ್ ಸಿಕ್ಕಿತು. ಕ್ಯೂಆರ್ ಕೋಡ್ ಅಂಟಿಸಿದ್ದು ಮಾತ್ರ ದಂಡ, ಯಾರೂ ಸ್ಕ್ಯಾನ್ ಮಾಡಲಿಲ್ಲ.

ಭಾಷಣಗಳನ್ನು ಪೂರ್ತಿ ಬಿಡಬೇಡಿ. ಪೋಲಿಯೊ ಸೆಷನ್ ನನಗೆ ಬಹಳ ಉಪಯೋಗಕ್ಕೆ ಬಂತು. ರೋಟರಿ 1985ರಲ್ಲಿ ಪೋಲಿಯೊ ನಿರ್ಮೂಲನೆಗಾಗಿ ಪೋಲಿಯೊಪ್ಲಸ್ ಅಭಿಯಾನ ಶುರು ಮಾಡಿತು. 1988ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳಿಗೆ ಪೋಲಿಯೊ ಬರುತ್ತಿತ್ತು. ಭಾಷಣ ಮಾಡಿದವರು ಆ ಒಂದೇ ಸಂಖ್ಯೆ ಹೇಳಿ ನಿಲ್ಲಿಸಿದರು. ಇಡೀ ಹಾಲ್ ಕಿವಿಗೊಟ್ಟಿತು. ಮಧ್ಯಾಹ್ನದಿಂದ ನಾನೂ ಹತ್ತು ಅಂಕಿಅಂಶ ಬಿಟ್ಟು, ನಮ್ಮ ಪ್ರಾಜೆಕ್ಟಿನ ಶಾಲೆಗಳಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವುದನ್ನು ಮಾತ್ರ ಹೇಳತೊಡಗಿದೆ. ವ್ಯತ್ಯಾಸ ಆವತ್ತೇ ಕಂಡಿತು.

ಹೊರದೇಶದ ಪಾಲುದಾರರು ಸಿಕ್ಕಿದ್ದು ರೋಟರಿ ಅಂತಾರಾಷ್ಟ್ರೀಯ ಅಧ್ಯಕ್ಷರ ಪ್ರತಿನಿಧಿಯ ಮೂಲಕ. ಈ ಸಲ ಬಂದವರು ಬೇರೆ ದೇಶದವರು. ಅವರ ವೇಳಾಪಟ್ಟಿ ನಿಮಿಷ ನಿಮಿಷಕ್ಕೂ ತುಂಬಿರುತ್ತದೆ. ನನಗೆ ಹತ್ತು ನಿಮಿಷ ಸಿಕ್ಕಿತು. ಹೇಗೆ ಅನ್ನುವುದು ನನ್ನ ಇನ್ನೊಂದು ಗುಟ್ಟು. ಸುಳಿವು ಬೇಕಾದರೆ, ಅವರ ಜೊತೆ ಓಡಾಡುವ ಏಡ್ (ಸಹಾಯಕರು) ಯಾರು ಅಂತ ಮೊದಲೇ ತಿಳಿದುಕೊಳ್ಳಿ. ಆ ಹತ್ತು ನಿಮಿಷದಲ್ಲಿ ನಾನು ಹಣ ಕೇಳಲಿಲ್ಲ. "ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ನೀರಿನ ಕೆಲಸ ಮಾಡುವ ಕ್ಲಬ್ ಯಾವುದು?" ಅಂತ ಕೇಳಿದೆ. ಅಲ್ಲೇ ಫೋನ್ ತೆಗೆದು ಒಬ್ಬರಿಗೆ ಮೆಸೇಜ್ ಹಾಕಿದರು. ವಾರದೊಳಗೆ ವಿಡಿಯೊ ಕಾಲ್ ಆಯಿತು, ಬಾಟಲಿಗಳನ್ನು ಅಲ್ಲೂ ತೋರಿಸಿದೆ. ಎರಡು ತಿಂಗಳ ಹೊತ್ತಿಗೆ ಅವರ ಡಿಸ್ಟ್ರಿಕ್ಟ್‌ನ ಡಿಡಿಎಫ್‌ಗೂ ಒಪ್ಪಿಗೆ ಬಂತು.

ಕಾನ್ಫರೆನ್ಸ್‌ಗೆ ಆದ ಎಲ್ಲ ಖರ್ಚು, ಫೀಸು, ಪ್ರಯಾಣ ಸೇರಿಸಿದರೂ ಗ್ರ್ಯಾಂಟ್ ಮೊತ್ತದ ನೂರಕ್ಕೆ ಎರಡು ದಾಟುವುದಿಲ್ಲ. ಖಜಾಂಚಿ ಈ ಲೆಕ್ಕವನ್ನು ಬೋರ್ಡ್ ಮೀಟಿಂಗ್‌ನಲ್ಲಿ ತಾವೇ ಓದಿದರು. ಮುಂದಿನ ವರ್ಷದ ರಿಜಿಸ್ಟ್ರೇಷನ್‌ಗೆ ಈಗಾಗಲೇ ಹೆಸರು ಕೊಟ್ಟಿದ್ದಾರೆ. ಸದ್ಯಕ್ಕೆ ನಾನು ಬಿಲ್‌ಗಳನ್ನೆಲ್ಲ ಒಂದೇ ಫೈಲಿಗೆ ಹಾಕುತ್ತಿದ್ದೇನೆ. ಮೊದಲ ಕಂತು ಬಂದ 12 ತಿಂಗಳೊಳಗೆ ಪ್ರೋಗ್ರೆಸ್ ರಿಪೋರ್ಟ್ ಹೋಗಬೇಕು.